ಆನ್‌ಲೈನ್ ಸ್ಟೋರಿಗೆ ಸಿನಿಮಾ ಪ್ಯಾಕೇಜ್ ಸಿದ್ಧಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಥಿಯೇಟರಿನಲ್ಲಿ ಓಡಿದ ಮೇಲೆ ಸಿನಿಮಾವನ್ನು ಬಾಡಿಗೆಗೆ ಅಥವಾ ಮಾರಾಟಕ್ಕೆ ಆನ್‌ಲೈನ್ ಸ್ಟೋರಿನಲ್ಲಿ ಇಡಬೇಕು ಅಂದುಕೊಂಡಿರುವ ಕನ್ನಡದ ನಿರ್ಮಾಪಕರು, ನಿರ್ದೇಶಕರು, ಎಡಿಟರ್‌ಗಳಿಗಾಗಿ ಇದನ್ನು ಬರೆದಿದ್ದೇನೆ. ಉದಾಹರಣೆಗೆ ಆಪಲ್‌ನ ಸ್ಟೋರನ್ನೇ ಹೆಚ್ಚಾಗಿ ಇಟ್ಟುಕೊಂಡಿದ್ದೇನೆ. ಅದರ ನಿಯಮ ಬಿಗಿ. ಅಲ್ಲಿ ಪಾಸಾಗುವ ಹಾಗೆ ಸಿದ್ಧಮಾಡಿದ ಸಾಮಗ್ರಿ ಬೇರೆ ಕಡೆಯೂ ಬಹುಪಾಲು ನಡೆಯುತ್ತದೆ.

ಪ್ಯಾಕೇಜ್ ಅಂದರೆ ಏನು? ಸಿನಿಮಾ ಫೈಲ್ ಒಂದನ್ನು ಕಳಿಸಿದರೆ ಸಾಲದಾ?

ಸಾಲದು. ಪ್ಯಾಕೇಜ್ ಅಂದರೆ ಒಂದು ಫೋಲ್ಡರ್. ಅದರೊಳಗೆ ಸಿನಿಮಾದ ಮಾಸ್ಟರ್ ಫೈಲ್, ಟ್ರೇಲರ್, ಪೋಸ್ಟರ್, ಸಬ್‌ಟೈಟಲ್ ಫೈಲ್‌ಗಳು, ಇವೆಲ್ಲದರ ವಿವರ ಬರೆದಿರುವ ಒಂದು ಎಕ್ಸ್‌ಎಂಎಲ್ ಫೈಲ್ ಇರುತ್ತವೆ. ಆಪಲ್‌ನಲ್ಲಿ ಈ ಫೋಲ್ಡರಿನ ಹೆಸರು 'ಐಟಿಎಂಎಸ್‌ಪಿ' ಅಂತ ಕೊನೆಯಾಗುತ್ತದೆ. ಎಕ್ಸ್‌ಎಂಎಲ್ ಫೈಲಿನಲ್ಲಿ ಸಿನಿಮಾದ ಹೆಸರು, ಭಾಷೆ, ಕಥಾಸಾರ, ಕಲಾವಿದರು, ಯಾವ ದೇಶದಲ್ಲಿ ಯಾವ ದಿನದಿಂದ ಮಾರಬಹುದು ಎಂಬುದೆಲ್ಲ ಇರುತ್ತದೆ. ಜೊತೆಗೆ ಒಳಗಿರುವ ಪ್ರತಿ ಫೈಲಿನ ಹೆಸರು, ಅದರ ಗಾತ್ರ ಎಷ್ಟು ಬೈಟ್, ಅದರ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ತಿಳಿಸುವ ಗುರುತು) ಯಾವುದು ಅಂತ ಬರೆದಿರಬೇಕು. ಪಟ್ಟಿಯಲ್ಲಿ ಇರುವುದು ಫೋಲ್ಡರಿನಲ್ಲಿ ಇರಬೇಕು, ಫೋಲ್ಡರಿನಲ್ಲಿ ಇರುವುದು ಪಟ್ಟಿಯಲ್ಲಿ ಇರಬೇಕು. ಮದುವೆಮನೆ ಉಗ್ರಾಣದ ಲೆಕ್ಕದ ಹಾಗೆ, ಒಂದು ಐಟಂ ಹೆಚ್ಚುಕಮ್ಮಿ ಆದರೂ ಕೇಳುತ್ತಾರೆ.

ಆಪಲ್‌ಗೆ ನಾನೇ ನೇರವಾಗಿ ಕಳಿಸಬಹುದಾ?

ಒಂದೇ ಸಿನಿಮಾ ಕೈಯಲ್ಲಿ ಇಟ್ಟುಕೊಂಡವರಿಗೆ ಸಾಮಾನ್ಯವಾಗಿ ಆಗಲ್ಲ. ಅಗ್ರಿಗೇಟರ್ ಎನ್ನುವ ಮಧ್ಯದ ಕಂಪನಿಯ ಮೂಲಕ ಹೋಗಬೇಕು. ಪ್ಯಾಕೇಜ್ ಕಟ್ಟುವುದು, ಪರೀಕ್ಷೆ ಮಾಡಿಸುವುದು, ಅಪ್‌ಲೋಡ್ ಮಾಡುವುದು ಅವರ ಕೆಲಸ. ನೆಟ್‌ಫ್ಲಿಕ್ಸ್‌ನಂಥ ಚಂದಾ ವೇದಿಕೆಗಳ ದಾರಿಯೇ ಬೇರೆ. ಅವರು ಮೊದಲು ಹಕ್ಕು ಕೊಳ್ಳುತ್ತಾರೆ, ಆಮೇಲೆ ತಮ್ಮದೇ ಪಟ್ಟಿ ಕೊಟ್ಟು ಸಾಮಗ್ರಿ ಕೇಳುತ್ತಾರೆ.

ಅಗ್ರಿಗೇಟರ್ ಜೊತೆ ಸಹಿ ಹಾಕುವ ಮುಂಚೆ ಮೂರು ವಿಷಯ ಬಾಯಿಮಾತಲ್ಲಿ ಅಲ್ಲ, ಕಾಗದದಲ್ಲಿ ಇರಲಿ. ಒಮ್ಮೆ ರಿಜೆಕ್ಟ್ ಆದರೆ ಮರುಪರೀಕ್ಷೆಯ ಖರ್ಚು ಯಾರದ್ದು? ಬಂದ ಹಣದ ಲೆಕ್ಕ ಎಷ್ಟು ತಿಂಗಳಿಗೊಮ್ಮೆ ಕೊಡುತ್ತಾರೆ? ಒಪ್ಪಂದ ಮುಗಿದ ಮೇಲೆ ಸಿನಿಮಾ ತೆಗೆಸುವುದು ಹೇಗೆ? ಮೂರನೆಯದನ್ನು ಯಾರೂ ಕೇಳುವುದಿಲ್ಲ, ಆಮೇಲೆ ಅದರಲ್ಲೇ ಜಾಸ್ತಿ ಒದ್ದಾಡುತ್ತಾರೆ.

ಥಿಯೇಟರಿಗೆ ಕೊಟ್ಟ ಡಿಸಿಪಿ ಇದೆಯಲ್ಲ. ಅದನ್ನೇ ಕೊಟ್ಟರೆ?

ಈ ಪ್ರಶ್ನೆ ಎಲ್ಲರಿಂದಲೂ ಬರುತ್ತದೆ. ಡಿಸಿಪಿ, ಅಂದರೆ ಡಿಜಿಟಲ್ ಸಿನಿಮಾ ಪ್ಯಾಕೇಜ್, ಥಿಯೇಟರಿನ ಪ್ರೊಜೆಕ್ಟರಿಗಾಗಿ ಮಾಡಿದ್ದು. ಅದರ ಚಿತ್ರ ಜೆಪೆಗ್ 2000ರಲ್ಲಿ ಇರುತ್ತದೆ, ಬಣ್ಣ ಎಕ್ಸ್‌ವೈಜ಼ಡ್ ಎಂಬ ಬೇರೆ ಲೆಕ್ಕದಲ್ಲಿ ಇರುತ್ತದೆ. ಟಿವಿ, ಮೊಬೈಲ್, ಕಂಪ್ಯೂಟರ್ ಪರದೆಗೆ ಬೇಕಾದದ್ದು ರೆಕ್ 709 ಬಣ್ಣ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬಹುದು, ಆದರೆ ಸಾಫ್ಟ್‌ವೇರಿಗೆ ಬಿಟ್ಟು ಸುಮ್ನೆ ಕೂತರೆ ಮುಖದ ಬಣ್ಣ, ರಾತ್ರಿ ದೃಶ್ಯದ ಕಪ್ಪು ಎರಡೂ ಕೆಡುತ್ತವೆ. ಕಲರಿಸ್ಟ್ ಕೂತು ನೋಡಬೇಕು.

ಇನ್ನೊಂದು ತೊಡಕು ಇದೆ. ಡಿಸಿಪಿಗೆ ಬೀಗ ಹಾಕಿದ್ದರೆ ಕೆಡಿಎಂ ಎಂಬ ಕೀಲಿ ಇಲ್ಲದೆ ಅದು ತೆರೆಯುವುದೇ ಇಲ್ಲ. ಆ ಕೀಲಿಯೂ ಒಂದು ನಿರ್ದಿಷ್ಟ ಸರ್ವರಿಗೆ, ನಿರ್ದಿಷ್ಟ ದಿನಗಳಿಗೆ ಮಾತ್ರ. ಥಿಯೇಟರುಗಳಿಗೆ ಡಿಜಿಟಲ್ ಆಗಿ ಸಿನಿಮಾ ತಲುಪಿಸುವ ಕ್ಯೂಬ್, ಯುಎಫ್‌ಒ ಕಂಪನಿಗಳ ಮೂಲಕ ಹೋದ ಕಾಪಿಯೂ ಹೀಗೆಯೇ, ಪ್ರದರ್ಶನಕ್ಕೆ ಅಂತ ಮಾಡಿದ್ದು. ಅದು ಮಾಸ್ಟರ್ ಅಲ್ಲ.

ಆದ್ದರಿಂದ ಡಿಐ (ಚಿತ್ರದ ಬಣ್ಣ ತಿದ್ದಿ ಅಂತಿಮ ರೂಪ ಕೊಡುವ ಕೆಲಸ) ಮಾಡುವ ಸ್ಟುಡಿಯೊದಲ್ಲಿ ನಿಮ್ಮ ಪ್ರಾಜೆಕ್ಟ್ ಇನ್ನೂ ತೆರೆದಿರುವಾಗಲೇ ರೆಕ್ 709 ಮಾಸ್ಟರ್ ಕೇಳಿ ತೆಗೆದುಕೊಳ್ಳಿ. ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಆರು ತಿಂಗಳ ನಂತರ ಕೇಳಿದರೆ ಸ್ಟುಡಿಯೊದವರು ಆ ಪ್ರಾಜೆಕ್ಟನ್ನು ಸರ್ವರಿನಿಂದ ತೆಗೆದಿರುತ್ತಾರೆ. ತಪ್ಪು ಅವರದ್ದಲ್ಲ, ಅವರಿಗೂ ಜಾಗ ಬೇಕಲ್ವಾ?

ಯಾವ ಫಾರ್ಮ್ಯಾಟ್ ಕೊಡಬೇಕು? ಎಷ್ಟು ದೊಡ್ಡದಿರುತ್ತದೆ?

ಆಪಲ್ ಪ್ರೊರೆಸ್ 422 ಎಚ್‌ಕ್ಯೂ. ಎಂಪಿ4 ಅಲ್ಲ, ಯೂಟ್ಯೂಬಿಗೆ ಹಾಕಲು ಮಾಡಿದ ಫೈಲ್ ಅಲ್ಲ. 1920 ಅಡ್ಡ 1080ರಲ್ಲಿ, ಸೆಕೆಂಡಿಗೆ 24 ಫ್ರೇಮ್ ಇದ್ದರೆ ಇದರ ಪ್ರಮಾಣ ಸೆಕೆಂಡಿಗೆ ಸುಮಾರು 176 ಮೆಗಾಬಿಟ್. ಅಂದರೆ ಗಂಟೆಗೆ ಹೆಚ್ಚುಕಡಿಮೆ 80 ಜಿಬಿ. ಎರಡು ಗಂಟೆ ಇಪ್ಪತ್ತು ನಿಮಿಷದ ನಮ್ಮ ಮಾಮೂಲಿ ಸಿನಿಮಾ 185 ಜಿಬಿ ಆಸುಪಾಸು ಆಗುತ್ತದೆ. ಹಾರ್ಡ್‌ಡಿಸ್ಕ್ ಕೊಳ್ಳುವಾಗ ಇದನ್ನು ಎರಡರಿಂದ ಗುಣಿಸಿಕೊಳ್ಳಿ, ಯಾಕೆಂದು ಮುಂದೆ ಹೇಳುತ್ತೇನೆ.

ಎಂಪಿ4 ಒಂದೇ ಉಳಿದಿದೆ, ಅದನ್ನು ಪ್ರೊರೆಸ್‌ಗೆ ಬದಲಾಯಿಸಿ ಕೊಡಬಹುದಾ ಅಂತ ಕೇಳುತ್ತಾರೆ. ಫೈಲ್ ದೊಡ್ಡದಾಗುತ್ತದೆ, ಚಿತ್ರ ಚೆನ್ನಾಗುವುದಿಲ್ಲ. ಹೊಗೆ, ಮಂಜು, ಮಳೆ, ಆಕಾಶದ ದೃಶ್ಯಗಳಲ್ಲಿ ಚೌಕ ಚೌಕ ಕಾಣುತ್ತದೆ. ಪರೀಕ್ಷೆ ಮಾಡುವವರು ಮೊದಲು ನೋಡುವುದೇ ಅಲ್ಲಿ.

ನಮ್ಮದು ಸ್ಕೋಪ್ ಸಿನಿಮಾ. ಮೇಲೆ ಕೆಳಗೆ ಕಪ್ಪು ಪಟ್ಟಿ ಇರಬಹುದಾ?

ಇರಬಹುದು. ಸ್ಕೋಪ್, ಅಂದರೆ 2.39 ಅನುಪಾತದ ಅಗಲ ಚಿತ್ರ 1920 ಅಡ್ಡ 1080ರೊಳಗೆ ಕೂತಾಗ ಚಿತ್ರದ ಎತ್ತರ 804 ಸಾಲು, ಮೇಲೆ 138, ಕೆಳಗೆ 138 ಸಾಲು ಕಪ್ಪು. ಈ ಕಪ್ಪು ಭಾಗ ಎಷ್ಟು ಅಂತ ಎಕ್ಸ್‌ಎಂಎಲ್‌ನಲ್ಲಿ ಬರೆದರೆ ಸ್ಟೋರ್ ಅದನ್ನು ಕತ್ತರಿಸಿಕೊಳ್ಳುತ್ತದೆ. ಪಟ್ಟಿ ಇಡೀ ಸಿನಿಮಾದಲ್ಲಿ ಒಂದೇ ಅಳತೆಯಲ್ಲಿ ಇರಲಿ. ಡ್ರೋನ್ ಶಾಟು, ಸ್ಟಾಕ್ ಫುಟೇಜ್, ಹಾಡಿನ ಒಂದೆರಡು ಶಾಟುಗಳಲ್ಲಿ ಅಂಚು ಒಂದೆರಡು ಸಾಲು ಆಚೀಚೆ ಆಗಿರುತ್ತದೆ. ಥಿಯೇಟರಿನ ಪರದೆಯ ಮಾಸ್ಕಿಂಗ್ ಅದನ್ನು ಮುಚ್ಚಿಬಿಟ್ಟಿರುತ್ತದೆ, ಇಲ್ಲಿ ಮುಚ್ಚಲು ಏನೂ ಇಲ್ಲ.

ಫ್ರೇಮ್ ರೇಟ್ 25ಕ್ಕೆ ಬದಲಾಯಿಸಬೇಕಾ?

ಬೇಡ. ಯಾವುದರಲ್ಲಿ ಎಡಿಟ್ ಮಾಡಿ ಮುಗಿಸಿದ್ದೀರೋ ಅದೇ ಇರಲಿ.

ಇಂಟರ್ವಲ್ ಕಾರ್ಡ್, ಸೆನ್ಸಾರ್ ಸರ್ಟಿಫಿಕೇಟ್, ಸಿಗರೇಟು ಎಚ್ಚರಿಕೆ, ಧನ್ಯವಾದದ ಸ್ಲೈಡುಗಳು. ಇವುಗಳಲ್ಲಿ ಯಾವುದನ್ನು ಇಡಬೇಕು?

ಒಂದೊಂದಾಗಿ ಹೇಳುತ್ತೇನೆ. ಕಲರ್ ಬಾರ್, ಕೌಂಟ್‌ಡೌನ್, ಸ್ಲೇಟ್ ತೆಗೆಯಲೇಬೇಕು. ಜಾಹೀರಾತು ಸ್ಲೈಡು, ಮಾಧ್ಯಮ ಸಹಯೋಗಿಗಳ ಲೋಗೊ, ವೆಬ್‌ಸೈಟ್ ವಿಳಾಸ ಹೊರಗೆ. ಇಂಟರ್ವಲ್ ಕಾರ್ಡ್ ತೆಗೆಯುವುದು ಒಳ್ಳೆಯದು, ಆದರೆ ಬರೀ ಕಾರ್ಡ್ ಕತ್ತರಿಸಿದರೆ ಅಲ್ಲಿ ಸಂಗೀತ ತುಂಡಾಗಿ ಕೇಳುತ್ತದೆ. ಇಂಟರ್ವಲ್ ಬ್ಲಾಕ್‌ಗೆ ಹಿನ್ನೆಲೆ ಸಂಗೀತ ಏರುತ್ತಾ ಹೋಗಿ ಒಂದು ಹೊಡೆತದಲ್ಲಿ ನಿಲ್ಲುವ ಹಾಗೆ ಮಾಡಿರುತ್ತೇವಲ್ಲ, ಅದರ ಬೆನ್ನಿಗೇ ಎರಡನೇ ಭಾಗದ ಮೊದಲ ದೃಶ್ಯ ಬಂದು ಡಿಕ್ಕಿ ಹೊಡೆಯುತ್ತದೆ. ಒಂದು ಸಣ್ಣ ಫೇಡ್, ಒಂದೆರಡು ಸೆಕೆಂಡ್ ಉಸಿರಾಡಲು ಜಾಗ, ಅಷ್ಟನ್ನು ಸೌಂಡ್ ಎಂಜಿನಿಯರ್ ಜೊತೆ ಕೂತು ಮಾಡಿಸಿ. ಚಿತ್ರದಿಂದ ಎಷ್ಟು ಫ್ರೇಮ್ ತೆಗೆದಿರೋ ಅಷ್ಟನ್ನೇ ಎಲ್ಲ ಆಡಿಯೊ ಟ್ರ್ಯಾಕುಗಳಿಂದಲೂ, ಸಬ್‌ಟೈಟಲ್‌ನಿಂದಲೂ ತೆಗೆಯಬೇಕು ಅನ್ನುವುದು ಮರೆಯಬೇಡಿ.

ಸರ್ಟಿಫಿಕೇಟ್ ಬಗ್ಗೆ ಹೇಳುವುದಾದರೆ, ಸಿನಿಮಾಟೊಗ್ರಾಫ್ ಕಾಯ್ದೆಯ ಸೆನ್ಸಾರ್ ಸಾರ್ವಜನಿಕ ಪ್ರದರ್ಶನಕ್ಕೆ. ಆನ್‌ಲೈನಿಗೆ 2021ರ ಐಟಿ ನಿಯಮಗಳಿವೆ. ಅದರಲ್ಲಿ ಯು, ಯು/ಎ 7+, ಯು/ಎ 13+, ಯು/ಎ 16+, ಎ ಅಂತ ವಯಸ್ಸಿನ ವರ್ಗ ಹಾಕುವ ಜವಾಬ್ದಾರಿ ವೇದಿಕೆಯದ್ದು. 2023ರ ತಿದ್ದುಪಡಿಯ ನಂತರ ಸೆನ್ಸಾರ್ ಮಂಡಳಿಯೂ ಯುಎ ವರ್ಗವನ್ನು ಇದೇ ಮೂರು ವಯಸ್ಸುಗಳಾಗಿ ಒಡೆದಿದೆ. ಸರ್ಟಿಫಿಕೇಟಿನ ಸ್ಕ್ಯಾನ್ ಪ್ರತಿ ಮತ್ತು ಕಟ್ ಪಟ್ಟಿ ನಿಮ್ಮ ಕಡತದಲ್ಲಿ ಇರಲಿ, ಕೇಳುತ್ತಾರೆ.

ತಂಬಾಕು ಎಚ್ಚರಿಕೆಯದ್ದೇ ಗೋಜಲು. ಚಿತ್ರದ ಮೇಲೆ ಅಕ್ಷರ ಅಂಟಿರಬಾರದು ಅನ್ನುತ್ತದೆ ಸ್ಟೋರಿನ ನಿಯಮ. ಆದರೆ ನಮ್ಮ ದೇಶದ ಕಾನೂನು ಎಚ್ಚರಿಕೆ ಬೇಕೇ ಬೇಕು ಅನ್ನುತ್ತದೆ. 2023ರ ಸೆಪ್ಟೆಂಬರ್ 1ರಿಂದ ಆನ್‌ಲೈನ್ ವೇದಿಕೆಗಳಿಗೂ ಇದು ಅನ್ವಯಿಸುತ್ತದೆ. ಶುರುವಿನಲ್ಲಿ ಮತ್ತು ಮಧ್ಯದಲ್ಲಿ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ, ಕನಿಷ್ಠ 20 ಸೆಕೆಂಡಿನ ದೃಶ್ಯ-ಶ್ರವ್ಯ ಎಚ್ಚರಿಕೆ, ತಂಬಾಕು ತೋರಿಸುವಾಗ ಕೆಳಗೆ ಬರಹ. ಪರಿಹಾರ ಒಂದೇ: ಎರಡು ಮಾಸ್ಟರ್ ಇಟ್ಟುಕೊಳ್ಳಿ. ಒಂದು ಎಚ್ಚರಿಕೆಗಳಿರುವ ಭಾರತದ ಮಾಸ್ಟರ್, ಇನ್ನೊಂದು ಏನೂ ಅಂಟದ ಸ್ವಚ್ಛ ಮಾಸ್ಟರ್. ಹಾರ್ಡ್‌ಡಿಸ್ಕ್ ಲೆಕ್ಕವನ್ನು ಎರಡರಿಂದ ಗುಣಿಸಿ ಅಂದದ್ದು ಇದಕ್ಕೇ. ಅಮೆರಿಕ, ಗಲ್ಫ್, ಆಸ್ಟ್ರೇಲಿಯಾದಲ್ಲಿ ಇರುವ ಕನ್ನಡಿಗರಿಗೆ ಹೋಗುವುದು ಸ್ವಚ್ಛ ಮಾಸ್ಟರ್.

ಆಡಿಯೊ ಹೇಗಿರಬೇಕು?

5.1 ಮತ್ತು ಸ್ಟೀರಿಯೊ ಎರಡೂ. 48 ಕಿಲೋಹರ್ಟ್ಸ್, 24 ಬಿಟ್. ಇಲ್ಲಿ ಒಂದು ಎಡವಟ್ಟು ಆಗಾಗ ಆಗುತ್ತದೆ, ಸ್ವಲ್ಪ ನಿಂತು ನೋಡೋಣ. ಮಿಕ್ಸಿಂಗ್ ರೂಮಿನಲ್ಲಿ ಚಾನೆಲ್‌ಗಳ ಕ್ರಮ ಎಡ, ಮಧ್ಯ, ಬಲ, ಎಡ ಸರೌಂಡ್, ಬಲ ಸರೌಂಡ್, ಸಬ್‌ವೂಫರ್ ಅಂತ ಇರಬಹುದು. ಇದನ್ನು ಫಿಲ್ಮ್ ಆರ್ಡರ್ ಅನ್ನುತ್ತಾರೆ. ಸ್ಟೋರ್ ಕೇಳುವ ಕ್ರಮ ಎಡ, ಬಲ, ಮಧ್ಯ, ಸಬ್‌ವೂಫರ್, ಎಡ ಸರೌಂಡ್, ಬಲ ಸರೌಂಡ್. ಮೊದಲನೆಯದನ್ನು ಹಾಗೆಯೇ ಎರಡನೆಯದರ ಜಾಗಕ್ಕೆ ಹಾಕಿದರೆ ಮಧ್ಯದಲ್ಲಿ ಬರಬೇಕಾದ ಮಾತೆಲ್ಲ ಬಲಗಡೆ ಸ್ಪೀಕರಿನಿಂದ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಕೇಳಿದರೆ ಅಷ್ಟಾಗಿ ಗೊತ್ತಾಗುವುದೂ ಇಲ್ಲ. ಆರು ಸ್ಪೀಕರ್ ಇರುವ ಕಡೆ, ಒಬ್ಬ ಪಾತ್ರಧಾರಿ ಕ್ಯಾಮೆರಾಗೆ ಎದುರಾಗಿ ನಿಂತು ಮಾತಾಡುವ ದೃಶ್ಯ ಹಾಕಿ ಕೇಳಿ. ಎರಡೇ ನಿಮಿಷದ ಕೆಲಸ.

ಥಿಯೇಟರ್ ಮಿಕ್ಸ್ ಮನೆಗೆ ಆಗಿಬರುವುದಿಲ್ಲ. ದೊಡ್ಡ ಹಾಲಿಗೆ ಅಂತ ಮಾಡಿದ ಮಿಕ್ಸ್‌ನಲ್ಲಿ ಪಿಸುಮಾತು ತೀರಾ ಸಣ್ಣ, ಫೈಟಿನ ಸದ್ದು ತೀರಾ ದೊಡ್ಡದು. ಮನೆಯಲ್ಲಿ ನೋಡುವವರು ರಿಮೋಟ್ ಹಿಡಿದೇ ಕೂರಬೇಕಾಗುತ್ತದೆ. ಆದ್ದರಿಂದ ಹತ್ತಿರದ ಸಣ್ಣ ಸ್ಪೀಕರುಗಳಲ್ಲಿ ಕೇಳುವವರಿಗಾಗಿ ನಿಯರ್‌ಫೀಲ್ಡ್ ಮಿಕ್ಸ್ ಅಂತ ಬೇರೆಯೇ ಮಾಡಿಸಿ. ನೆಟ್‌ಫ್ಲಿಕ್ಸ್‌ಗೆ ಮಾತಿನ ಸರಾಸರಿ ಮಟ್ಟ ಮೈನಸ್ 27 ಎಲ್‌ಕೆಎಫ್‌ಎಸ್ (ಸದ್ದು ಕಿವಿಗೆ ಎಷ್ಟು ಜೋರು ಅಂತ ಅಳೆಯುವ ಮಾನ), ಅತಿ ಹೆಚ್ಚಿನ ಶಿಖರ ಮೈನಸ್ 2 ಡೆಸಿಬೆಲ್ ದಾಟಬಾರದು. ಬೇರೆ ಯಾರೂ ಅಳತೆ ಹೇಳದಿದ್ದರೆ ಇದನ್ನು ಹಿಡಿದು ಮಾಡಿಸಬಹುದು.

ಎಂ ಅಂಡ್ ಇ ಟ್ರ್ಯಾಕ್, ಅಂದರೆ ಮಾತು ಬಿಟ್ಟು ಸಂಗೀತ ಮತ್ತು ಸದ್ದು ಮಾತ್ರ ಇರುವ ಟ್ರ್ಯಾಕ್, ಸ್ಟೋರಿಗೆ ಬೇಡ. ಆದರೂ ಮಿಕ್ಸ್ ದಿನವೇ ಕೇಳಿ ತೆಗೆದುಕೊಳ್ಳಿ. ನಾಳೆ ತೆಲುಗಿಗೋ ಹಿಂದಿಗೋ ಡಬ್ ಮಾಡಲು ಯಾರಾದರೂ ಬಂದರೆ ಮೊದಲು ಕೇಳುವುದು ಅದನ್ನೇ.

ಇಂಗ್ಲಿಷ್ ಸಬ್‌ಟೈಟಲ್ ಚಿತ್ರದ ಮೇಲೇ ಇದೆ. ಸಾಕಲ್ವಾ?

ಸಾಲದು, ಅದನ್ನು ತೆಗೆಯಬೇಕು. ಸಬ್‌ಟೈಟಲ್ ಬೇರೆ ಫೈಲಾಗಿ ಬರಬೇಕು. ಎಸ್‌ಆರ್‌ಟಿ ಎಲ್ಲರಿಗೂ ಗೊತ್ತು, ಆಪಲ್ ಕೇಳುವುದು ಐಟಿಟಿ ಎಂಬ ರೂಪ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವುದು ಸುಲಭ. ಕಷ್ಟವಿರುವುದು ಬರೆಯುವುದರಲ್ಲಿ. ಇಂಗ್ಲಿಷಿಗೆ ಒಂದು ಸಾಲಿಗೆ 42 ಅಕ್ಷರ, ಒಮ್ಮೆಗೆ ಎರಡೇ ಸಾಲು, ಪರದೆಯ ಮೇಲೆ ಏಳು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಅನ್ನುವ ಅಳತೆ ಬಹಳ ಕಡೆ ಚಾಲ್ತಿಯಲ್ಲಿದೆ.

ಕನ್ನಡ ಬಾರದ ನೋಡುಗರು ಓದಬೇಕಾದ ಬರಹ ಚಿತ್ರದೊಳಗೂ ಇರುತ್ತದೆ. ಪಾತ್ರ ಪತ್ರ ಓದುತ್ತದೆ, ಹಿನ್ನೆಲೆ ಧ್ವನಿ ಇಲ್ಲ. ಬಸ್ಸಿನ ಬೋರ್ಡಿನಲ್ಲಿ ಊರಿನ ಹೆಸರಿದೆ, ಆ ಊರೇ ಕಥೆಯ ಗುಟ್ಟು. ಇವಕ್ಕೂ ಸಾಲು ಬರೆಯಬೇಕು. ತುಳು, ಕೊಂಕಣಿ, ಉರ್ದು ಮಾತು ಬಂದಾಗ ಕನ್ನಡದ ನೋಡುಗರಿಗೂ ಸಾಲು ಬೇಕಾಗುತ್ತದೆ.

ಹಾಡುಗಳನ್ನು ಬಿಡಬೇಡಿ. ಎಷ್ಟೋ ಫೈಲುಗಳಲ್ಲಿ ಹಾಡು ಶುರುವಾದ ಕೂಡಲೇ ಸಬ್‌ಟೈಟಲ್ ಮಾಯ. ನಮ್ಮಲ್ಲಿ ಕಥೆ ಹಾಡಿನಲ್ಲೂ ನಡೆಯುತ್ತದೆ, ಅದನ್ನು ಹೊರಗಿನವರಿಗೆ ಕೊಡದೆ ಇರುವುದು ನ್ಯಾಯವಲ್ಲ. ಒಳ್ಳೆಯ ಸಬ್‌ಟೈಟಲ್ ಬರೆಯುವವರಿಗೆ ಸರಿಯಾದ ದುಡ್ಡು ಕೊಡಿ, ಹೆಸರನ್ನೂ ಹಾಕಿ.

ಕಿವಿ ಕೇಳಿಸದವರಿಗಾಗಿ ಕನ್ನಡದಲ್ಲೇ ಕ್ಯಾಪ್ಷನ್ ಮಾಡಿಸಿದರೆ ಇನ್ನೂ ಒಳ್ಳೆಯದು. ಕೇಳುವವರು ಕಮ್ಮಿ ಅನ್ನಿಸಬಹುದು. ಇಲ್ಲದಿರುವುದರಿಂದಲೇ ಕೇಳುತ್ತಿಲ್ಲ.

ಮೆಟಾಡೇಟಾದಲ್ಲಿ, ಅಂದರೆ ಎಕ್ಸ್‌ಎಂಎಲ್‌ನಲ್ಲಿ ಬರೆಯುವ ಸಿನಿಮಾದ ವಿವರದಲ್ಲಿ, ಕನ್ನಡ ಹೆಸರು ಹಾಕಿದರೆ ಗೋಜಲು ಅಕ್ಷರ ಬರುತ್ತದೆ. ಯಾಕೆ?

ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರುತ್ತೀರಿ. ಅಲ್ಲಿ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು, ಫಾಂಟು ಅವನ್ನು ಕನ್ನಡದ ಹಾಗೆ ತೋರಿಸುತ್ತಿರುತ್ತದೆ ಅಷ್ಟೆ. ಫಾಂಟ್ ಇಲ್ಲದ ಕಡೆ ನಿಜರೂಪ ಹೊರಬೀಳುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಎಕ್ಸ್‌ಎಂಎಲ್ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ. ಹಳೆಯದನ್ನು ಯೂನಿಕೋಡಿಗೆ ಬದಲಾಯಿಸುವ ಸಾಧನಗಳಿವೆ, ಬದಲಾಯಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಾರೆ ಓದಿ. 'ಸೂರ್ಯ', 'ಧರ್ಮ' ಇಂಥವು ಜಾಸ್ತಿ ಕೆಡುತ್ತವೆ.

ಭಾಷೆಯ ಕೋಡ್ ಬಗ್ಗೆಯೂ ಎಚ್ಚರ. ಕನ್ನಡಕ್ಕೆ ಕೋಡ್ 'ಕೆಎನ್'. ನಮ್ಮ ಗಾಡಿಗಳ ನಂಬರ್ ಪ್ಲೇಟ್ ನೋಡಿ ನೋಡಿ ಅಭ್ಯಾಸವಾಗಿ 'ಕೆಎ' ಹಾಕಿಬಿಟ್ಟರೆ ಅದು ಜಾರ್ಜಿಯನ್ ಭಾಷೆ.

ಕಲಾವಿದರ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದೇ ಕಾಗುಣಿತ ಹಿಡಿಯಿರಿ. ಪೋಸ್ಟರಿನಲ್ಲಿ ಒಂದು, ಟೈಟಲ್ ಕಾರ್ಡಿನಲ್ಲಿ ಇನ್ನೊಂದು, ಮೆಟಾಡೇಟಾದಲ್ಲಿ ಮತ್ತೊಂದು ಇದ್ದರೆ ಹುಡುಕಿದವರಿಗೆ ಆ ಕಲಾವಿದರ ಬೇರೆ ಸಿನಿಮಾಗಳ ಜೊತೆ ಇದು ಸೇರಿ ಕಾಣುವುದಿಲ್ಲ. ಹೊಸ ಕಲಾವಿದರಿಗೆ ಇದರಿಂದ ನಷ್ಟ.

ಬಿಡುಗಡೆಯ ಪೋಸ್ಟರನ್ನೇ ಕೊಡಬಹುದಾ?

ಸಾಮಾನ್ಯವಾಗಿ ಆಗಲ್ಲ. ನಮ್ಮ ಪೋಸ್ಟರಿನಲ್ಲಿ ಬಿಡುಗಡೆ ದಿನಾಂಕ, ಆಡಿಯೊ ಕಂಪನಿಯ ಲೋಗೊ, 'ಯಶಸ್ವಿ 25ನೇ ದಿನ', ಸೋಷಿಯಲ್ ಮೀಡಿಯಾ ಗುರುತು ಎಲ್ಲವೂ ಇರುತ್ತದೆ. ಸ್ಟೋರಿಗೆ ಬೇಕಾದದ್ದು ಚಿತ್ರ ಮತ್ತು ಸಿನಿಮಾದ ಹೆಸರು. ಅಗಲ 2, ಎತ್ತರ 3 ಅನುಪಾತದ ಒಂದು ಮತ್ತು 16:9ರ ಅಡ್ಡ ಪೋಸ್ಟರ್ ಒಂದು. ಡಿಸೈನರ್ ಹತ್ತಿರ ಲೇಯರ್ ಇರುವ ಮೂಲ ಫೈಲ್ ತೆಗೆದುಕೊಳ್ಳಿ. ಜೆಪೆಗ್ ಮಾತ್ರ ಇದ್ದರೆ ಅಕ್ಷರ ತೆಗೆಯಲು ಹೋಗಿ ನಾಯಕಿಯ ಸೀರೆ ಸೆರಗೇ ಅಳಿಸಿಹೋಗುತ್ತದೆ.

ಮೊಬೈಲಿನಲ್ಲಿ ಈ ಪೋಸ್ಟರ್ ಹೆಬ್ಬೆರಳಿನಷ್ಟು ಕಾಣುತ್ತದೆ. ಆ ಗಾತ್ರಕ್ಕೆ ಇಳಿಸಿ ನೋಡಿ. ಹೆಸರು ಓದಲು ಬಂದರೆ ಸರಿ.

ಟ್ರೇಲರ್?

'ಈ ಶುಕ್ರವಾರ ನಿಮ್ಮ ನೆಚ್ಚಿನ ಚಿತ್ರಮಂದಿರಗಳಲ್ಲಿ' ಅನ್ನುವುದನ್ನು ತೆಗೆಯಿರಿ. ವೆಬ್ ವಿಳಾಸ ಬೇಡ. ಎಲ್ಲ ವಯಸ್ಸಿನವರೂ ನೋಡುವ ಹಾಗಿರಲಿ. ಗುಣಮಟ್ಟ ಸಿನಿಮಾದಷ್ಟೇ ಇರಬೇಕು, ಯೂಟ್ಯೂಬಿನಿಂದ ಇಳಿಸಿಕೊಂಡದ್ದು ನಡೆಯುವುದಿಲ್ಲ.

ಕಾಗದಪತ್ರ ಏನೇನು ಬೇಕು?

ಸಿನಿಮಾ ನಿಮ್ಮದು ಅಂತ ತೋರಿಸುವ ಸರಪಳಿ. ಕಥೆಗಾರರು, ನಿರ್ದೇಶಕರು, ಸಂಗೀತ ನಿರ್ದೇಶಕರು, ಗೀತರಚನೆಕಾರರ ಜೊತೆಗಿನ ಒಪ್ಪಂದಗಳು, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಾಯಿಸಿದ ಪತ್ರ, ಸೆನ್ಸಾರ್ ಸರ್ಟಿಫಿಕೇಟ್. ಜೊತೆಗೆ ಯಾವ ಹಾಡು, ಯಾವ ಸಂಗೀತ ಎಷ್ಟು ಹೊತ್ತು ಬರುತ್ತದೆ ಎಂಬ ಮ್ಯೂಸಿಕ್ ಕ್ಯೂ ಶೀಟ್.

ಹಾಡುಗಳ ಹಕ್ಕನ್ನು ಆಡಿಯೊ ಕಂಪನಿಗೆ ಮಾರಿದ್ದೀರಿ ತಾನೇ? ಆ ಒಪ್ಪಂದ ತೆಗೆದು ಓದಿ. ಸಿನಿಮಾದ ಭಾಗವಾಗಿ ಹಾಡನ್ನು ಆನ್‌ಲೈನಿನಲ್ಲಿ ತೋರಿಸುವ ಹಕ್ಕು ನಿಮ್ಮಲ್ಲಿ ಉಳಿದಿದೆ ಅಂತ ಸ್ಪಷ್ಟವಾಗಿ ಇರಬೇಕು. ಇಲ್ಲದಿದ್ದರೆ ಟ್ರೇಲರ್ ಹಾಕಿದ ದಿನವೇ ತಕರಾರು ಬರುತ್ತದೆ. ಹಾಗೆಯೇ ಸ್ಯಾಟಲೈಟ್ ಹಕ್ಕು ಮಾರಿದ ಪತ್ರದಲ್ಲಿ 'ಡಿಜಿಟಲ್' ಅನ್ನುವ ಪದ ಹುಡುಕಿ. ಬಾಡಿಗೆ, ಮಾರಾಟ, ಚಂದಾ, ಜಾಹೀರಾತಿನೊಂದಿಗೆ ಉಚಿತ, ಇವು ಬೇರೆ ಬೇರೆ ಹಕ್ಕುಗಳು. ಒಂದೇ ಸಾಲಿನಲ್ಲಿ ಎಲ್ಲವನ್ನೂ ಕಾಯಂ ಆಗಿ ಬರೆದುಕೊಟ್ಟಿದ್ದರೆ ಈ ಪ್ಯಾಕೇಜ್ ಮಾಡುವ ಅಧಿಕಾರವೇ ನಿಮಗಿರುವುದಿಲ್ಲ. ಖರ್ಚು ಮಾಡುವ ಮುಂಚೆಯೇ ವಕೀಲರಿಗೆ ತೋರಿಸಿ.

ತಂದೆಯವರು ನಿರ್ಮಿಸಿದ ಹಳೆಯ ಸಿನಿಮಾ ಇದೆ. ಅದನ್ನು ಹಾಕಬಹುದಾ?

ಖಂಡಿತ ಹಾಕಬೇಕು. ಮೊದಲು ಹಕ್ಕಿನ ಲೆಕ್ಕ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1964ರಲ್ಲಿ ಬಿಡುಗಡೆಯಾದ ಚಿತ್ರದ ಅವಧಿ 2024ರ ಕೊನೆಗೆ ಮುಗಿಯಿತು. ಆದರೆ ಕಥೆ, ಸಾಹಿತ್ಯ, ಸಂಗೀತದ ಹಕ್ಕು ಬೇರೆ, ಬರೆದವರ ಕಾಲಾನಂತರ 60 ವರ್ಷ ಇರುತ್ತದೆ.

ಆಮೇಲೆ ಸಾಮಗ್ರಿ. ಹಳೆಯ ಕನ್ನಡ ಚಿತ್ರಗಳಲ್ಲಿ ಎಷ್ಟೋ ಮದ್ರಾಸಿನ ಲ್ಯಾಬುಗಳಲ್ಲಿ ತೊಳೆದವು. ನೆಗೆಟಿವ್ ಎಲ್ಲಿದೆ ಅಂತ ಹುಡುಕುವುದೇ ಮೊದಲ ಕೆಲಸ. ಮನೆಯ ಅಟ್ಟದ ಮೇಲಿನ ಡಬ್ಬ, ಲ್ಯಾಬಿನ ಹಳೆಯ ರಸೀತಿ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಎಲ್ಲ ಕಡೆ ಕೇಳಿ. ಡಬ್ಬ ತೆರೆದಾಗ ಘಾಟು ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೆಡಲು ಶುರುವಾಗಿದೆ ಅಂತ ಅರ್ಥ. ಅದನ್ನು ನೀವೇ ಬಿಚ್ಚಿ ನೋಡಲು ಹೋಗಬೇಡಿ, ಪ್ರೊಜೆಕ್ಟರಿನಲ್ಲಿ ಓಡಿಸಲೇಬೇಡಿ. ತಡಮಾಡದೆ ಸ್ಕ್ಯಾನ್ ಮಾಡುವವರ ಕೈಗೆ ಕೊಡಿ.

ಟಿವಿಗೆ ಕೊಟ್ಟಿದ್ದ ಟೇಪ್ ಮಾತ್ರ ಉಳಿದಿದ್ದರೆ ಅದು ಸೆಕೆಂಡಿಗೆ 25 ಫ್ರೇಮಿನದ್ದು. 24ರಲ್ಲಿ ತೆಗೆದ ಚಿತ್ರ ಅದರಲ್ಲಿ ಶೇಕಡಾ 4ರಷ್ಟು ವೇಗವಾಗಿ ಓಡುತ್ತದೆ. 140 ನಿಮಿಷದ ಸಿನಿಮಾ ಸುಮಾರು ಐದೂವರೆ ನಿಮಿಷ ಬೇಗ ಮುಗಿಯುತ್ತದೆ, ದನಿಯ ಶ್ರುತಿಯೂ ಏರುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ಕಂಠ ಗೊತ್ತಿರುವ ಕಿವಿಗೆ ಇದು ತಕ್ಷಣ ತಿಳಿಯುತ್ತದೆ. ಸರಿಯಾದ ವೇಗಕ್ಕೆ ಇಳಿಸಿ, ಆಮೇಲೆ ಮುಂದಿನ ಕೆಲಸ.

ಚೆಕ್‌ಸಮ್ ಅಂದರೆ ಏನು? ಅಪ್‌ಲೋಡ್ ಎಷ್ಟು ಹೊತ್ತು?

ಫೈಲಿನ ಪ್ರತಿ ಬೈಟನ್ನೂ ಓದಿ ಲೆಕ್ಕ ಹಾಕಿ ಕೊಡುವ 32 ಅಕ್ಷರ-ಅಂಕಿಗಳ ಗುರುತು, ಎಂಡಿ5. ಒಂದು ಬೈಟ್ ಬದಲಾದರೂ ಗುರುತು ಬದಲಾಗುತ್ತದೆ. ಆದ್ದರಿಂದ ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ ಲೆಕ್ಕ ಹಾಕಿ. ಸಬ್‌ಟೈಟಲ್‌ನಲ್ಲಿ ಒಂದು ಅಲ್ಪವಿರಾಮ ತಿದ್ದಿದರೂ ಹೊಸ ಗುರುತು ಬರೆಯಬೇಕು. ಹಾರ್ಡ್‌ಡಿಸ್ಕಿನಿಂದ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿದಾಗಲೂ ಇದನ್ನೇ ಹೋಲಿಸಿ ನೋಡುವುದು ಒಳ್ಳೆಯ ರೂಢಿ.

185 ಜಿಬಿಯನ್ನು 50 ಎಂಬಿಪಿಎಸ್ ಅಪ್‌ಲೋಡ್ ಇರುವ ಲೈನಿನಲ್ಲಿ ಕಳಿಸಲು, ಎಲ್ಲೂ ನಿಲ್ಲದಿದ್ದರೆ, ಎಂಟು ಗಂಟೆಯ ಮೇಲೆ ಬೇಕು. ಡೌನ್‌ಲೋಡ್ ವೇಗ ನೋಡಿ ಲೆಕ್ಕ ಹಾಕಬೇಡಿ. ರಾತ್ರಿ ಹಚ್ಚಿ, ಕಂಪ್ಯೂಟರ್ ನಿದ್ದೆಹೋಗದ ಹಾಗೆ ಸೆಟ್ಟಿಂಗ್ ಮಾಡಿ, ಯುಪಿಎಸ್ ಇರಲಿ.

ರಿಜೆಕ್ಟ್ ಆಗಿದೆ. ಏನು ಮಾಡಲಿ?

ಗಾಬರಿ ಬೇಡ. ವರದಿಯಲ್ಲಿ ಟೈಮ್‌ಕೋಡ್ ಸಮೇತ ಏನು ತಪ್ಪು ಅಂತ ಬರೆದಿರುತ್ತಾರೆ. ರೀಲು ಸೇರುವ ಜಾಗದಲ್ಲಿ ಒಂದು ಕಪ್ಪು ಫ್ರೇಮ್, ಆಡಿಯೊದಲ್ಲಿ ಟಪ್ ಅನ್ನುವ ಸದ್ದು, ಒಂದು ರೀಲಿನಲ್ಲಿ ಮಾತ್ರ ತುಟಿಗೂ ಮಾತಿಗೂ ಹೊಂದದಿರುವುದು, ಹೊಳೆಯುವ ಒಂದು ಕೆಟ್ಟ ಪಿಕ್ಸೆಲ್, ಇವು ಸಾಮಾನ್ಯ. ನಮ್ಮಲ್ಲಿ ಸುಮಾರು ಇಪ್ಪತ್ತು ನಿಮಿಷದ ರೀಲುಗಳಾಗಿ ಡಿಐ, ಮಿಕ್ಸ್ ಮಾಡುವುದರಿಂದ ಜೋಡಣೆಯ ಕಡೆ ತಪ್ಪು ನುಸುಳುತ್ತದೆ. ಕಳಿಸುವ ಮುಂಚೆ ಪ್ರತಿ ರೀಲಿನ ಮೊದಲ ಮತ್ತು ಕೊನೆಯ ಒಂದು ನಿಮಿಷ ನೋಡಿ. ಆಮೇಲೆ ಇಡೀ ಸಿನಿಮಾವನ್ನು, ಅದರಲ್ಲಿ ಕೆಲಸ ಮಾಡದ ಒಬ್ಬರಿಂದ, ಹೆಡ್‌ಫೋನ್ ಹಾಕಿಸಿ, ಎಲ್ಲೂ ಫಾರ್ವರ್ಡ್ ಮಾಡದೆ ನೋಡಿಸಿ. ನೂರು ಸಲ ನೋಡಿದ ಎಡಿಟರಿನ ಕಣ್ಣಿಗೆ ಆ ಕಪ್ಪು ಫ್ರೇಮ್ ಕಾಣುವುದಿಲ್ಲ.

ಬೇಕಂತಲೇ ಮಾಡಿದ್ದನ್ನು ಅವರು ತಪ್ಪು ಅಂದುಕೊಂಡಿರಲೂಬಹುದು. ಫ್ಲ್ಯಾಶ್‌ಬ್ಯಾಕಿನಲ್ಲಿ ಹಾಕಿದ ಗೀರು, ಸದ್ದಿಲ್ಲದ ಅರ್ಧ ನಿಮಿಷ. ಅದು ನಿರ್ದೇಶಕರ ಉದ್ದೇಶ ಅಂತ ಟೈಮ್‌ಕೋಡ್ ಹಾಕಿ ಒಂದು ಪತ್ರ ಕೊಟ್ಟರೆ ಒಪ್ಪುತ್ತಾರೆ. ಇದನ್ನು ಪ್ಯಾಕೇಜ್ ಜೊತೆಗೇ ಮೊದಲೇ ಕೊಟ್ಟುಬಿಡುವುದು ಇನ್ನೂ ಸಲೀಸು.

ಸ್ಟುಡಿಯೊದಿಂದ ಏನೇನು ತೆಗೆದುಕೊಂಡು ಬರಬೇಕು ಅಂತ ಒಂದೇ ಕಡೆ ಹೇಳಿ.

ಡಿಐ ಸ್ಟುಡಿಯೊದಿಂದ: ಅಕ್ಷರಗಳಿರುವ ಮತ್ತು ಇಲ್ಲದ ರೆಕ್ 709 ಪ್ರೊರೆಸ್ ಮಾಸ್ಟರ್‌ಗಳು, ಬೀಗ ಹಾಕದ ಡಿಸಿಪಿ. ಮಿಕ್ಸಿಂಗ್ ಸ್ಟುಡಿಯೊದಿಂದ: ಥಿಯೇಟರ್ 5.1, ನಿಯರ್‌ಫೀಲ್ಡ್ 5.1, ಸ್ಟೀರಿಯೊ, ಎಂ ಅಂಡ್ ಇ, ಎಲ್ಲವೂ ರೀಲಿನ ಲೆಕ್ಕದಲ್ಲಿ ಮತ್ತು ಇಡಿಯಾಗಿ. ಎಡಿಟರಿಂದ ಸಂಭಾಷಣೆ ಪಟ್ಟಿ, ಡಿಸೈನರಿಂದ ಲೇಯರ್ ಫೈಲ್, ಸ್ಟಿಲ್ ಫೋಟೊಗ್ರಾಫರಿಂದ ದೊಡ್ಡ ಗಾತ್ರದ ಚಿತ್ರಗಳು. ಕೊನೆಯ ಕಂತಿನ ಹಣ ಕೊಡುವ ದಿನವೇ ಈ ಪಟ್ಟಿ ಹಿಡಿದುಕೊಂಡು ಹೋಗಿ. ಎರಡು ಡಿಸ್ಕಿಗೆ ಕಾಪಿ ಮಾಡಿಸಿ, ಎರಡನ್ನೂ ಬೇರೆ ಬೇರೆ ಮನೆಯಲ್ಲಿ ಇಡಿ, ವರ್ಷಕ್ಕೊಮ್ಮೆ ಹಚ್ಚಿ ಚೆಕ್‌ಸಮ್ ನೋಡಿ.